ಬಲಗಾಲಿಯ ಬೇರಿಂಗು

ಯುದ್ಧದ ಕಾಲ. ಪುಣೆ ಹತ್ತಿರದ ಖಡಕಿಯ ಕಡೆ ಒಂದು ಮಿಲಿಟರಿ ವರ್ಕ್‌ಶಾಪಿನಲ್ಲಿ ನಾನು ಫಿಟ್ಟರ್ ಆಗಿದ್ದೆ. ಇಂಜಿನ್ ನಾಲ್ಕೂ ಗಾಲಿ ತಿರುಗಿಸುವಂಥ ಲಾರಿಯೊಂದು ಬಂತು. ಮುಂದಿನ ಎಡಗಾಲಿಯ ನಡುವಿನ ಗುಂಬದಲ್ಲಿ, ಅಂದರೆ ಹಬ್ಬಿನೊಳಗೆ, ಬೇರಿಂಗು ಪುಡಿಪುಡಿ. ಸಂಜೆಯೊಳಗೆ ಲಾರಿ ಹೊರಡದಿದ್ದರೆ ಸಾಹೇಬರು ನನ್ನನ್ನೇ ಹಿಡಿಯುವವರು.

ಪುಡಿಯನ್ನು ಗ್ರೀಸಿನ ಸಮೇತ ಡಬ್ಬಿಗೆ ತುಂಬಿಕೊಂಡು ಸ್ಟೋರಿಗೆ ಹೋದೆ. ಸ್ಟೋರಿನ ರಾಯರು ನಮ್ಮ ಧಾರವಾಡದವರೇ. ಉಳಿದವರ ಜೊತೆ ಮರಾಠಿ, ನನ್ನ ಜೊತೆ ಕನ್ನಡ. ಕಾಯ್ದೆ ಮಾತ್ರ ನನಗೇ ಹೆಚ್ಚು.

"ಹಳೇ ಬೇರಿಂಗಿನ ಮ್ಯಾಲಿನ ನಂಬರ್ ತೋರಸ್ರಿ. ಇಲ್ಲಾಂದ್ರ ಊರವ್ರಿಗೆ ಸುಮ್ಮನ ಕೊಟ್ಟ ಅಂತಾರ."

"ಪುಡಿ ಆಗೇದ್ರಿ ರಾಯರ. ನಂಬರ್ ಎಲ್ಲಿಂದ ತರ್ಲಿ?"

"ಅದು ನನಗ ಗೊತ್ತಿಲ್ರಿ."

ಬಲಗಾಲಿಯದೂ ಅದೇ ನಮೂನೆಯ ಬೇರಿಂಗು. ವಾಪಸ್ ಬಂದು ಆ ಗಾಲಿಯನ್ನೂ ಬಿಚ್ಚಿದೆ, ಹಬ್ಬು ಇಳಿಸಿದೆ, ಬೇರಿಂಗು ತೆಗೆದು ನಂಬರ್ ಕಾಣಲೆಂದು ಸೀಮೆಎಣ್ಣೆಯಲ್ಲಿ ತೊಳೆದೆ. ಸೊಂಟ ಹಿಡಿದುಕೊಂಡಿತ್ತು. ಹಾಗೇ ಮತ್ತೆ ಸ್ಟೋರಿಗೆ ನಡೆದೆ.

ರಾಯರು ನಂಬರ್ ಓದಿದರು. ಆಮೇಲೆ ಬೇರಿಂಗನ್ನು ಕೈಯಲ್ಲಿ ಹಿಡಿದು ತಿರುಗಿಸಿದರು. ಸದ್ದಿಲ್ಲದೆ ತಿರುಗಿತು.

"ಇದು ಭಾಳ ಚಲೋ ಅದಲ್ರಿ! ಹೊಸಾದು ಯಾಕ ಬೇಕು?"

ನಾನು ಬಾಯಿ ತೆರೆಯುವುದರೊಳಗೆ ನನ್ನ ಬೇಡಿಕೆ ಚೀಟಿಯ ಮೇಲೆ 'ಸುಸ್ಥಿತಿಯಲ್ಲಿದೆ, ಬದಲಿ ಬೇಕಿಲ್ಲ' ಎಂದು ಬರೆದು ಸ್ಟೋರಿನ ರಬ್ಬರ್ ಸಿಕ್ಕಾ ಒತ್ತಿಬಿಟ್ಟರು.

ಲಾರಿಯ ಡ್ರೈವರ್ ಬೀಡಿ ಸೇದುತ್ತ ಕಾಯುತ್ತಿದ್ದ. "ಕಾಯ್ ಝಾಲಂ?" ಏನಾಯಿತೆಂದು ಕೇಳಿದ. ಚೀಟಿಯನ್ನೇ ಅವನ ಕೈಗಿಟ್ಟೆ. ಮುಂದಿನ ಎರಡೂ ಗಾಲಿ ಕಳಚಿಕೊಂಡು ಮರದ ದಿಮ್ಮಿಗಳ ಮೇಲೆ ಕೂತಿದ್ದ ಅವನ ಲಾರಿ, ಸಿಕ್ಕಾ ಸಮೇತ, ಹೊರಡಲು ತಯಾರಿತ್ತು.