ಕೊನೆಯ ಓಣಿಯ ತಂಗಡಿ ಗಿಡ

ಹುನಗುಂದದಲ್ಲಿ ಈರಪ್ಪ ಎಂದರೆ ಯಾವ ಈರಪ್ಪ ಎಂದು ಕೇಳುತ್ತಾರೆ. ನೀರು ಬಿಡುವ ಈರಪ್ಪ ಎಂದರೆ ಸಾಲೆಗೆ ಹೋಗದ ಕೂಸು ಕೂಡ ಬೆರಳು ಮಾಡಿ ಮನೆ ತೋರಿಸುತ್ತದೆ. ಅವನು ಕೆಲಸದಿಂದ ನಿವೃತ್ತನಾಗಿ ವರ್ಷಗಳು ಕಳೆದರೂ ಆ ಹೆಸರು ಇನ್ನೂ ನಿವೃತ್ತವಾಗಿಲ್ಲ.

ಎದೆಯೆತ್ತರದ ಕಬ್ಬಿಣದ ಚಾವಿಯನ್ನು ಹೆಗಲಿಗೆ ಹಾಕಿಕೊಂಡು ಓಣಿಯಿಂದ ಓಣಿಗೆ ನಡೆಯುವುದು, ನೆಲದೊಳಗಿನ ವಾಲ್ವ್ ತಿರುವಿ ಊರಿಗೆ ನೀರು ಕುಡಿಸುವುದು, ಇದೇ ಅವನ ಜೀವಮಾನದ ಉದ್ಯೋಗ. ಪಾಳಿಯ ದಿನ ಅವನ ಹಾದಿ ನೋಡಿದಷ್ಟು ಜನ ಮದುಮಗನ ಹಾದಿಯನ್ನೂ ನೋಡಿರಲಿಕ್ಕಿಲ್ಲ. ತಡವಾಗಿ ಬಂದರೆ ಬೈಗುಳ. ಬೇಗ ಬಂದರೆ, “ಇಷ್ಟ ಲಗೂನ ಯಾಕ ಬಂದ್ಯೋ, ಇನ್ನಾ ಕೊಡಾ ತಿಕ್ಕಿಲ್ಲ” ಎಂದು ಅದಕ್ಕೂ ಬೈಗುಳ. ಈರಪ್ಪ ಎರಡನ್ನೂ ಪ್ರಸಾದವೆಂದು ತಿಳಿದು ಮುಂದಿನ ಓಣಿಗೆ ನಡೆಯುತ್ತಿದ್ದ. ಅವನಿಗೆ ಇದ್ದದ್ದು ಒಂದೇ ಹಟ. ತಾನಿರುವ ಓಣಿಗೆ ನೀರು ಎಲ್ಲರಿಗಿಂತ ಕೊನೆಗೆ. ಬೇಲಿಯೇ ಎದ್ದು ಹೊಲ ಮೇಯಿತು ಎಂದು ಯಾರ ಬಾಯಲ್ಲೂ ಬರಬಾರದು.

ಹೀಗಾಗಿ ಅವನ ಮನೆಯ ನಳಕ್ಕೆ ಪಾಳಿ ಬರುವಷ್ಟರಲ್ಲಿ ಊರ ನೀರಿನ ಟಾಕಿಯ ತಳ ಕಾಣುತ್ತಿತ್ತು. ಹೆಂಡತಿ ಗುರುಲಿಂಗವ್ವ ನೂಲಿನಂಥ ಧಾರೆಗೆ ಕೊಡ ಹಿಡಿದು ಕೂರುತ್ತಿದ್ದಳು. ಎರಡು ಕೊಡ ತುಂಬಿದರೆ ಅವತ್ತಿನ ಪುಣ್ಯ. ಅಷ್ಟರಲ್ಲೇ ಅಡುಗೆ, ಅಷ್ಟರಲ್ಲೇ ಪಾತ್ರೆ, ಅಕ್ಕಿ ತೊಳೆದ ನೀರು ಹಿತ್ತಲಿನ ಕರಿಬೇವಿಗೆ. ನಮ್ಮ ಓಣಿಗೆ ಒಂದು ಸಲ ಮೊದಲು ಬಿಡು ಎಂದು ಆಕೆ ಬಾಯಿಬಿಟ್ಟು ಕೇಳಿದ್ದೇ ಇಲ್ಲ. ಹಬ್ಬದ ದಿನ ಊರಿಗೆಲ್ಲ ನೀರು ಹೆಚ್ಚು ಬೇಕು. ಈರಪ್ಪ ತಾಟಿನ ಮುಂದೆ ಕೂತ ಹೊತ್ತಿಗೇ ಹೊರಗಿನಿಂದ, “ಈರಪ್ಪಣ್ಣಾ, ನಳಾ ಬಂದಿಲ್ಲಾ!” ಎಂಬ ಕೂಗು. ಹೋಳಿಗೆ ಮುರಿದ ಕೈಯನ್ನು ಹಾಗೇ ತೊಳೆದುಕೊಂಡು ಎದ್ದು ಚಾವಿ ಹಿಡಿಯುತ್ತಿದ್ದ. ಗುರುಲಿಂಗವ್ವ ಅವನ ತಾಟಿನ ಮೇಲೊಂದು ತಾಟು ಮುಚ್ಚಿಡುತ್ತಿದ್ದಳು.

ನಿವೃತ್ತಿಯ ದಿನ ಶಾಲು ಹೊದಿಸಿದರು, ಹಾರ ಹಾಕಿದರು, ಚಾವಿ ಇಸಿದುಕೊಂಡರು. ಇನ್ನು ಮನೆಯಲ್ಲಿ ನೆಮ್ಮದಿಯಾಗಿ ಕೂತು ಉಣ್ಣಬಹುದು ಎಂದುಕೊಳ್ಳುವಷ್ಟರಲ್ಲಿ ಗುರುಲಿಂಗವ್ವ ಸಣ್ಣ ಜ್ವರದ ನೆವ ಮಾಡಿಕೊಂಡು ಲಿಂಗೈಕ್ಯಳಾದಳು.

ಮನೆಯಲ್ಲಿ ಮಗ ಅಮರೇಶನಿದ್ದ, ಸೊಸೆ ಸುನಂದಾ ಇದ್ದಳು. ಉಣ್ಣಲು ಉಡಲು ಯಾವ ಕೊರತೆಯೂ ಇರಲಿಲ್ಲ. ಆದರೆ ಮಾವ ನಸುಕಿನಲ್ಲಿ ಎದ್ದು ಅಂಗಳದ ನಳ ತಿರುವುವುದು, ಅದು ಬುಸ್ಸೆಂದು ಗಾಳಿ ಬಿಟ್ಟ ಮೇಲೆ ಮುಚ್ಚಿ ಬಂದು ಸುಮ್ಮನೆ ಕೂರುವುದು, ಇದನ್ನು ನೋಡಿ ನೋಡಿ ಸುನಂದಾಳಿಗೆ ಕರುಳು ಚುರ್ ಎನ್ನುತ್ತಿತ್ತು. ಊರೆಲ್ಲ ಹೆಸರು ಹಿಡಿದು ಕೂಗುತ್ತಿದ್ದ ಮನುಷ್ಯನನ್ನು ಈಗ ಕೂಗುವವರೇ ಇರಲಿಲ್ಲ.

“ಮಾವಾರ, ಟಾಕಿ ಹಿಂದ ಗಿಡಾ ಹಚ್ಚಾಕ ಜಯಶ್ರೀ ಮಂದೀನ ಕೂಡಸ್ಯಾಳ. ನೀವೂ ಹೋಗಿ ಬರ್ರಿ. ನಿಮಗ ಗೊತ್ತಿರಲಾರದ ಟಾಕೀನ ಅದು?” ಎಂದು ಒಂದು ರವಿವಾರ ಅವನನ್ನು ಹೊರಗೆ ಅಟ್ಟಿದಳು.

ಜಯಶ್ರೀ ಸಂತೆ ಬೀದಿಯಲ್ಲಿ ಜಂಪರು ಹೊಲಿಯುವ ಹೆಣ್ಣುಮಗಳು. ಬಾಗಲಕೋಟೆಯಲ್ಲಿ ಯಾವುದೋ ತರಬೇತಿಗೆ ಹೋಗಿಬಂದವಳು, ಬಂದದ್ದೇ ತಡ, ಟಾಕಿಯ ಹಿಂದಿನ ಕಸದ ತಿಪ್ಪೆಯ ಮೇಲೆ ಕಣ್ಣು ಹಾಕಿದಳು. ಓಣಿಯ ಹೆಂಗಸರು ಗಂಡಸರು ನಾಲ್ಕಾರು ರವಿವಾರ ಕಸ ಹೊತ್ತರು, ನೆಲ ಅಗೆದರು, ಕೊನೆಗೆ ಚುರುಮುರಿ ಮಿರ್ಚಿ ತಿಂದು ಚಹಾ ಕುಡಿದರು. ಅವಳು ಆರಿಸಿದ್ದೆಲ್ಲ ನೀರು ಬೇಡದ ಗಿಡಗಳು: ತಂಗಡಿ ಎನ್ನುವ ಆವರಿಕೆ, ಕಣಗಿಲ, ಲೋಳಸರ, ಬಾರಿಹಣ್ಣಿನ ಗಿಡ, ಬೇವು. ನೀರಿನ ಟಾಕಿಯ ನೆರಳಿನಲ್ಲಿ ನೀರು ಬೇಡದ ತೋಟ ಮಾಡುತ್ತಾಳಂತೆ ಎಂದು ನಕ್ಕವರೂ ಇದ್ದರು. ನಗಲಿ, ನಗುವವರು ಗುದ್ದಲಿ ಹಿಡಿಯುವುದಿಲ್ಲ. ಇಳಕಲ್ಲಿನಲ್ಲಿ ಗ್ರಾನೈಟ್ ಪಾಲಿಶ್ ಕೆಲಸ ಮಾಡುವ ಅಮರೇಶ ಕೆಂಪು ಕಲ್ಲಿನ ಚೂರು ತಂದು ಸುರಿದ. ತೇವ ಹಾರದಿರಲೆಂದು ಅದನ್ನು ಗಿಡಗಳ ಬುಡಕ್ಕೆ ಹರವಿದರು.

ಶ್ರಾವಣದಲ್ಲಿ ನೆಡುವ ದಿನ ಒಬ್ಬೊಬ್ಬರೂ ತಮ್ಮವರ ಹೆಸರಿನಲ್ಲಿ ಒಂದೊಂದು ಗಿಡ ಹಚ್ಚಿದರು. ಈರಪ್ಪ ಕೇಳಿ ತಂಗಡಿಯನ್ನೇ ಇಸಿದುಕೊಂಡ. ಗುರುಲಿಂಗವ್ವನ ತವರು ಬೇವೂರು. ಮದುವೆಯಾದ ಹೊಸತರಲ್ಲಿ ಅಲ್ಲಿಗೆ ಹೋದಾಗ ಹೊಲದ ಬದುವಿನ ತುಂಬ ತಂಗಡಿ ಹಳದಿಯಾಗಿ ಅರಳಿದ್ದನ್ನು ಆಕೆ ಅವನಿಗೆ ತೋರಿಸಿದ್ದಳು. ಕಲ್ಲಿನ ತುಣುಕೊಂದರ ಮೇಲೆ ಆಕೆಯ ಹೆಸರು ಬರೆಸಿ ಬುಡದಲ್ಲಿಟ್ಟ.

ಜಯಶ್ರೀ ಎಲ್ಲರಿಗೂ ಕೇಳುವಂತೆ ಹೇಳಿದಳು: “ಎರಿ ಮಣ್ಣು ಐತ್ರಿ, ನೀರು ಹಿಡ್ಕೊಂಡು ಕುಂದರತೈತಿ. ವಾರಕ್ಕೊಮ್ಮೆ ನಾನ ಹಾಕ್ತೇನಿ. ಪ್ರೀತಿಗಂತ ಯಾರೂ ಒಂದ ತಂಬಿಗಿ ಸೈತ ಹಾಕಬ್ಯಾಡ್ರಿ.”

ಈರಪ್ಪ ಎಲ್ಲರ ಜೊತೆ ತಲೆಯಾಡಿಸಿದ. ಮರುದಿನ ನಸುಕಿನಲ್ಲೇ ಕೊಡ ಹೆಗಲಿಗೇರಿಸಿಕೊಂಡು ಟಾಕಿಯ ಹಿಂದೆ ಹಾಜರಾದ.

ಅವನನ್ನು ಬೈಯುವುದು ಸುಲಭ. ಆದರೆ ಜೀವಮಾನವೆಲ್ಲ ಬಾಯಾರಿದವರ ಮುಂದೆ ನಳ ತಿರುವಿದ ಕೈ ಅದು, ಹೇಗೆ ಸುಮ್ಮನಿದ್ದೀತು? ಅದಕ್ಕಿಂತ ಒಳಗೆ ಇನ್ನೊಂದು ಮಾತಿತ್ತು. ಇದ್ದಾಗ ಆಕೆಗೆ ಎಲ್ಲರಿಗಿಂತ ಕೊನೆಗೆ ನೀರು ಬಿಟ್ಟಿದ್ದ. ಈಗಲಾದರೂ ಊರು ಏಳುವ ಮೊದಲು, ಯಾವ ಓಣಿಗೂ ನೀರು ಹೋಗುವ ಮೊದಲು, ಮೊದಲ ಕೊಡ ಆಕೆಗೆ. ನೀರು ಮಣ್ಣಿಗಿಳಿಯುವುದನ್ನು ನೋಡಿದಾಗ ಅವನ ಎದೆ ತಣ್ಣಗಾಗುತ್ತಿತ್ತು. ಆ ದಿನಗಳಲ್ಲಿ ಅವನು ಎರಡು ರೊಟ್ಟಿ ಹೆಚ್ಚು ಉಂಡ, ಸುನಂದಾಳೂ ಹಿಗ್ಗಿದಳು.

ದೀಪಾವಳಿ ಕಳೆಯುತ್ತಲೇ ತಂಗಡಿಯ ಎಲೆ ಹಳದಿಗಟ್ಟಿತು. ಬಾಯಾರಿಕೆಯಾಗಿದೆ ಎಂದುಕೊಂಡು ಈರಪ್ಪ ಎರಡು ಕೊಡ ಹೊತ್ತ. ಎಲೆ ಉದುರತೊಡಗಿತು. ಅವನು ಗಾಬರಿಯಾಗಿ ಸಂಜೆಯೂ ಒಂದು ಕೊಡ ಸೇರಿಸಿದ. ಅಕ್ಕಪಕ್ಕದ ಗಿಡಗಳೆಲ್ಲ ಗುಂಡಗೆ ನಿಂತಿದ್ದವು, ಗುರುಲಿಂಗವ್ವನ ಗಿಡ ಮಾತ್ರ ಬೋಳಾಗುತ್ತ ಬಂತು.

ರವಿವಾರ ಜಯಶ್ರೀ ಕಲ್ಲಿನ ಚೂರು ಸರಿಸಿ ಮಣ್ಣಿಗೆ ಬೆರಳಿಟ್ಟಳು. ಬೆರಳು ಕೆಸರಲ್ಲಿ ಹೋದಂತೆ ಹೋಯಿತು. ಮೂಗಿನ ಹತ್ತಿರ ತಂದು ಮುಖ ಸಪ್ಪೆ ಮಾಡಿದಳು.

“ಬೇರು ಕೊಳ್ಯಾಕತ್ತೈತಿ. ಇದಕ್ಕ ದಿನಾ ಯಾರು ನೀರು ಹಾಕ್ಯಾರ?”

“ನಾನ” ಎಂದ ಈರಪ್ಪ. ಸುಳ್ಳು ಹೇಳಿ ರೂಢಿ ಇಲ್ಲದ ಮನುಷ್ಯ.

“ಕಾಕಾ, ಬದಾಮಿ ಗುಡ್ಡದ ಬಿರುಕಿನ್ಯಾಗ ಗಿಡಾ ಎದ್ದಾವ. ಅವಕ್ಕ ಯಾರು ಕೊಡಾ ಹೊತ್ತಾರ್ರಿ? ಇದೂ ಅಂಥಾ ಜಾತಿದು. ನೀವು ನೀರು ಕುಡಿಸಿ ಕುಡಿಸಿ ಉಸರು ಕಟ್ಟಿಸೀರಿ.”

ಈರಪ್ಪನ ಮುಖ ಕೆಂಪಾಯಿತು. “ಈ ಊರಿಗೆ ನೀರು ಕುಡಿಸಿದಾಂವ ನಾ! ನನಗ ನೀರಿನ ಪಾಠಾ ಹೇಳ್ತಿಯೇನ ತಂಗಿ?”

ಜಯಶ್ರೀ ಮಾತು ಬೆಳೆಸಲಿಲ್ಲ. “ಎಳ್ಳ ಅಮಾಸಿ ತನಕ ಇದನ್ನ ಮುಟ್ಟದ ಬಿಡೂಣ್ರಿ. ಉಳಿದ್ರ ಉಳೀತು. ಇಲ್ಲಾಂದ್ರ ಕಿತ್ತು ಬ್ಯಾರೆ ಹಚ್ಚೂಣು” ಎಂದಳು ಮೆತ್ತಗೆ.

ಕಿತ್ತು ಎಂಬ ಮಾತು ಅವನನ್ನು ಇಡೀ ದಿನ ಬಿಡಲಿಲ್ಲ. ಒಮ್ಮೆ ಕಳೆದುಕೊಂಡದ್ದೇ ಸಾಕಾಗಿತ್ತು. ಆಕೆಯ ಹೆಸರಿನ ಗಿಡವನ್ನು ತನ್ನ ಕೈಯಾರೆ ಕೊಂದೆನೇ ಎಂಬ ಭಯ ಒಂದು ಕಡೆ, ನೀರಿಲ್ಲದೆ ಸತ್ತರೆ ಎಂಬ ಭಯ ಇನ್ನೊಂದು ಕಡೆ. ರೂಢಿ ಭಯಕ್ಕಿಂತ ದೊಡ್ಡದು. ಬೆಳಗಾಗುತ್ತಲೇ ಕೊಡ ಹೆಗಲಿಗೆ ಬಂದಿತ್ತು.

ತೋಟದ ಬೇಲಿಯಲ್ಲೊಂದು ಸಂದಿ. ಆ ಸಂದಿಗೆ ಅಡ್ಡವಾಗಿ ಹನಮವ್ವ ಕೂತಿದ್ದಳು. ಈರಪ್ಪನ ಓಣಿಯವಳೇ, ಗುರುಲಿಂಗವ್ವನ ಗೆಳತಿ, ಆಡು ಸಾಕುವವಳು. ತನ್ನ ಆಡುಗಳು ಮೇಯದಂತೆ ತೋಟ ಕಾಯುವ ಕೆಲಸವನ್ನು ತಾನೇ ವಹಿಸಿಕೊಂಡಿದ್ದಳು. ಕಳ್ಳರ ಮನೆಯವರೇ ಕಾವಲಿಗೆ ಕೂತರೆ ಭಯವಿಲ್ಲ ಎಂಬುದು ಅವಳ ವಾದ.

“ಇಳಿಸು ಆ ಕೊಡಾ” ಎಂದಳು.

“ಹನಮವ್ವಾ, ಒಂದ ಕೊಡಾ. ಇವತ್ತಷ್ಟ. ಇದ್ದಾಗರ ಆಕಿಗಿ ಹೊಟ್ಟಿ ತುಂಬ ನೀರು ಕೊಡಲಿಲ್ಲ ನಾ.” ಈರಪ್ಪ ಕೊಡ ಇಳಿಸದೆ ಬೇಡಿಕೊಂಡ.

ಹನಮವ್ವ ಅವನನ್ನೇ ನೋಡಿದಳು. ಬೈಯಬೇಕೆಂದು ಬಂದವಳು ಬೈಯಲಿಲ್ಲ.

“ಪಾಳಿ ದಿನಾ ಆಕಿ ಕಟ್ಟಿ ಮ್ಯಾಲ ಕುಂತಿರತಿದ್ಲು, ಗೊತ್ತೈತೇನು ನಿನಗ? ಓಣಿ ತುದಿ ನೋಡ್ಕೋತ ಕುಂತಿರತಿದ್ಲು. ನಾ ಒಮ್ಮಿ ಚಾಷ್ಟಿ ಮಾಡಿದೆ. ಏನ ಗುರುಲಿಂಗವ್ವಾ, ನಳದ ಹಾದಿ ಅಷ್ಟ್ಯಾಕ ನೋಡ್ತಿ, ನೀರು ಬಂದ್ರ ಸಪ್ಪಳಾ ಆಗೂದಿಲ್ಲೇನು ಅಂದೆ. ಆಕಿ ಏನಂದ್ಲು ಹೇಳು?”

“ಏನಂದ್ಲು?”

“‘ನಳದ ಹಾದಿ ಯಾರು ನೋಡ್ತಾರವ್ವಾ, ನಳಾ ಬಿಡಾಂವನ ಹಾದಿ ನೋಡಾಕತ್ತೇನಿ’ ಅಂದ್ಲು. ‘ಉಣ್ಣದ ಹೋಗ್ಯಾರ’ ಅಂದ್ಲು. ನೀರು ಬ್ಯಾಡಾಗಿತ್ತೋ ಮಾರಾಯಾ ಆಕಿಗಿ. ಎರಡ ಕೊಡದಾಗ ರಾಣಿ ಹಂಗ ಬಾಳೇವು ಮಾಡಿದ್ಲು.”

ಕೊಡ ಹೆಗಲಿನಿಂದ ಇಳಿದದ್ದು ಈರಪ್ಪನಿಗೆ ತಿಳಿಯಲೇ ಇಲ್ಲ. ಹನಮವ್ವ ಅದನ್ನು ತನ್ನ ಕಡೆ ಎಳೆದುಕೊಂಡು, “ಇದ ನನ್ನ ಆಡಿಗಾತು. ನೀ ಒಳಗ ಹೋಗು, ಬರೇ ಕೈಲೆ ಹೋಗು” ಎಂದು ಸಂದಿ ಬಿಟ್ಟಳು.

ಅಂದು ಅವನು ಬರಿಗೈಯಲ್ಲಿ ಹೋಗಿ ಗಿಡದ ಪಕ್ಕ ಕೂತ. ಏನು ಮಾಡಬೇಕೋ ತಿಳಿಯದೆ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡ. ಮರುದಿನವೂ ಬಂದ. ಹೀಗೆ ದಿನಾಲೂ ಕೂರುವುದು ರೂಢಿಯಾಯಿತು. ಒಮ್ಮೊಮ್ಮೆ ಅಮರೇಶನ ಸುದ್ದಿ ಹೇಳುತ್ತಿದ್ದ, ಸುನಂದಾ ಮಾಡಿದ ಪಲ್ಯದಲ್ಲಿ ಉಪ್ಪು ಹೆಚ್ಚಾದದ್ದನ್ನು ಹೇಳುತ್ತಿದ್ದ. ಸಂಸಾರ ಮಾಡಿದಷ್ಟು ವರ್ಷ ಆಕೆಯ ಪಕ್ಕ ಇಷ್ಟು ಹೊತ್ತು ಕೂತಿರಲಿಲ್ಲ ಎಂಬುದು ಅವನಿಗೆ ಅಲ್ಲಿ ಹೊಳೆಯಿತು, ಹೊಳೆದಾಗ ತುಂಬ ನೋವಾಯಿತು. ಗಿಡದ ಕೊನೆಯ ಎಲೆಯೂ ಉದುರಿತು. ಆದರೂ ಅವನು ನೀರು ತರಲಿಲ್ಲ.

ಎಳ್ಳ ಅಮಾವಾಸ್ಯೆ ಬಂತು. ಎರೆ ಹೊಲದವರೆಲ್ಲ ಬುತ್ತಿ ಕಟ್ಟಿಕೊಂಡು ಬೆಳೆದು ನಿಂತ ಜೋಳಕ್ಕೆ ಚರಗ ಚೆಲ್ಲಲು, ಭೂತಾಯಿಗೆ ಉಣಿಸಲು ಹೊರಟರು. ಹೊಲವಿಲ್ಲದ ಟಾಕಿ ಓಣಿಯವರು ತೋಟಕ್ಕೇ ಬಂದರು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಗಿಡಗಳಿಗೆಲ್ಲ ಚರಗ ಚೆಲ್ಲಿದ ಮೇಲೆ ಜಯಶ್ರೀ ಬೋಳು ತಂಗಡಿಯ ಮುಂದೆ ಬಂದು ನಿಂತಳು. ಅವಳ ಕೈಯಲ್ಲಿ ಹೊಸ ಸಸಿ ಇತ್ತು.

“ನಿಂದ್ರು ಯವ್ವಾ. ಹಚ್ಚಿದಾಂವ ನಾ, ಕೀಳಾಂವನೂ ನಾನ” ಎಂದ ಈರಪ್ಪ.

ಬಾಗಿ ಕಾಂಡವನ್ನು ಎರಡೂ ಕೈಯಿಂದ ಹಿಡಿದು ಜಗ್ಗಿದ. ಬರಲಿಲ್ಲ. ಉಸಿರು ಕಟ್ಟಿ ಇನ್ನೊಮ್ಮೆ ಜಗ್ಗಿದ. ಕಾಂಡ ಅಲುಗಲಿಲ್ಲ. ನೆಲದೊಳಗೆ ಯಾವುದು ಸಡಿಲ, ಯಾವುದು ಬಿಗಿ ಎಂದು ಚಾವಿ ತಿರುವಿದ ಆ ಕೈಗೆ ಬೇರೆ ಯಾರೂ ಹೇಳಬೇಕಿರಲಿಲ್ಲ. ಕೆಳಗೆ ಬೇರು ಹಿಡಿದಿತ್ತು. ಈರಪ್ಪ ತಟ್ಟನೆ ಕೈಬಿಟ್ಟ.

ಜಯಶ್ರೀ ಮಂಡಿಯೂರಿ ಉಗುರಿನಿಂದ ತೊಗಟೆ ಕೆರೆದಳು. ಒಳಗೆ ಹಸಿರು. “ಜೀವ ಐತ್ರಿ ಕಾಕಾ! ನೀರು ಹುಡುಕ್ಕೋತ ಕೆಳಗ ಇಳದೈತಿ. ಮಳೆಗಾಲಕ್ಕ ಚಿಗಿತೈತಿ ನೋಡ್ರಿ.”

“ಬರಾಂಗಿಲ್ಲ ಅಂತಾಳ ಗುರುಲಿಂಗವ್ವ, ಬಿಡೋ” ಎಂದು ಹನಮವ್ವ ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಸುನಂದಾ ಗಿಡದ ಪಕ್ಕದಲ್ಲೇ ಮಾವನಿಗೆ ತಾಟು ಹಾಕಿ, ತುಂಬಿದ ತಂಬಿಗೆ ಇಟ್ಟಳು. ಈರಪ್ಪ ತಂಬಿಗೆಯನ್ನೂ ಗಿಡವನ್ನೂ ನೋಡಿದ. ಎತ್ತಿ ಗಟಗಟನೆ ಅಷ್ಟನ್ನೂ ತಾನೇ ಕುಡಿದು ಬರಿದು ತಂಬಿಗೆಯನ್ನು ಬೋರಲು ಹಾಕಿದ. ಎಲ್ಲರೂ ಘೊಳ್ಳೆಂದು ನಕ್ಕರು.

ಹೋಳಿಗೆ ಮುರಿದಿದ್ದ, ಅಷ್ಟರಲ್ಲಿ ಬೇಲಿಯಾಚೆಯಿಂದ ಯಾರೋ ಕೂಗಿದರು.

“ಈರಪ್ಪಣ್ಣಾ! ನಳಾ ಬಂದಿಲ್ಲಾ! ವಾಲ್ವ್ ಹೊಸಾ ಹುಡುಗನ ಕೈಯಾಗ ತಿರುಗವಲ್ದು, ಜರಾ ಬರ್ರಿ!”

ಎಷ್ಟು ದಿನದ ಮೇಲೆ ಬಂದ ಕೂಗು! ಅವನ ಮೈ ತಾನಾಗಿಯೇ ಅರ್ಧ ಎದ್ದಿತು. ಸುನಂದಾ ಅತ್ತೆಯ ರೂಢಿಯಂತೆ ತಾಟು ಮುಚ್ಚಲು ಇನ್ನೊಂದು ತಾಟು ಕೈಗೆತ್ತಿಕೊಂಡಳು. ಈರಪ್ಪನ ಕಣ್ಣು ಹೆಸರು ಬರೆದ ಕಲ್ಲಿನ ಮೇಲೆ ಬಿತ್ತು. ಮೆಲ್ಲಗೆ ಮತ್ತೆ ಕೂತ.

“ಉಣ್ಣಾಕತ್ತೇನಿ” ಎಂದು ಊರಿಗೆಲ್ಲ ಕೇಳುವಂತೆ ಕೂಗಿ ಹೇಳಿದ. “ನಮ್ಮ ಮನ್ಯಾಕಿ ಜೋಡಿ ಉಂಡು ಬರ್ತೇನಿ.”