ಮಾಸ್ತರರ ಟವೆಲ್

ಜೇವರ್ಗಿಯಲ್ಲಿ ಈಗ ಮಕ್ಕಳಿಗೆ ಕೀಬೋರ್ಡ್ ಕಲಿಸುವ ನಾನು ಮುಂಬಯಿಯ ಹೋಟೆಲುಗಳಲ್ಲಿ ವರ್ಷಗಟ್ಟಲೆ ಜಾಝ್ ಪಿಯಾನೋ ನುಡಿಸಿದವಳು. ಎಲ್ಲೆಲ್ಲೋ ಚಪ್ಪಾಳೆ ಗಿಟ್ಟಿಸಿದ್ದೆ. ಆದರೆ ನನಗೆ ಮೊದಲು ಹಾರ್ಮೋನಿಯಂ ಕಲಿಸಿದ, ಸ್ವರ ತಪ್ಪಿದರೆ ಬೆರಳ ಗೆಣ್ಣಿಗೆ ಕುಟ್ಟುತ್ತಿದ್ದ ನೆಲೋಗಿಯ ಭಜನಾ ಮಾಸ್ತರರು ಮಾತ್ರ ನನ್ನ ಜಾಝ್ ಕೇಳಿರಲಿಲ್ಲ. ಸಂಗೀತ ಹಿಡಿಸದಿದ್ದರೆ ಅವರು ಬಾಯಿ ಬಿಡುವುದಿಲ್ಲ, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದು ಹೋಗುತ್ತಾರೆ. ಅವರು ಕೊನೆಯವರೆಗೆ ಕೂತು ಕೇಳಬೇಕು, ನನಗೆ ಬೇಕಾದದ್ದು ಅಷ್ಟೇ.

ಕಳೆದ ಶ್ರಾವಣದ ಒಂದು ಸೋಮವಾರ ಸಂಜೆ ನೆಲೋಗಿಯ ಬಸವಣ್ಣನ ಗುಡಿಯ ಕಟ್ಟೆಯ ಮೇಲೆ, ಭಜನೆಗೆ ಮೊದಲು ಕೀಬೋರ್ಡ್ ನುಡಿಸಲು ಒಪ್ಪಿಗೆ ಸಿಕ್ಕಿತು. ಮಾಸ್ತರರು ಕಟ್ಟೆಯ ಕೆಳಗೆ, ನನ್ನೆದುರಿಗೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಭೀಮಾ ನದಿಯನ್ನು ನೆನೆದು ನಾನೇ ಕಟ್ಟಿದ ರಚನೆ. ಒಂದು ಸಾಲು ನುಡಿಸಿ ಬೇಕೆಂದೇ ಬಿಡುವು ಕೊಟ್ಟೆ. ಆ ಮೌನದ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು.

ಮೌನವೆಲ್ಲಿಂದ ಬರಬೇಕು? ತಾಳ ಹಿಡಿದು ಹಿಂದೆ ಕೂತಿದ್ದ ಹಿಮ್ಮೇಳದವರು ಆ ಸಾಲನ್ನು ಎತ್ತಿಕೊಂಡು ಹಾಡಿಯೇ ಬಿಟ್ಟರು. ಭಜನೆಯಲ್ಲಿ ಮುಂದಿನವರು ಹೇಳಿದ್ದನ್ನು ಹಿಂದಿನವರು ಹೇಳದಿದ್ದರೆ ಅಪಮಾನ. ಬಿಡುವು ತಮಗಾಗಿಯೇ ಎಂದುಕೊಂಡಿದ್ದರು ಪುಣ್ಯಾತ್ಮರು! ನನಗೆ ಮೈಯೆಲ್ಲ ಉರಿಯಿತು. ಯಾರಿಗೂ ಹಾಡಲಾಗದಂಥ ಸೊಟ್ಟ ಸಾಲೊಂದನ್ನು ನುಡಿಸಿದೆ. ಅದನ್ನೂ ಬಿಡಲಿಲ್ಲ. ಅರ್ಧಕ್ಕೆ ದಾರಿ ತಪ್ಪಿ ಬೇರೆಯೇ ಸ್ವರಕ್ಕೆ ಹೋಗಿ ನಿಂತರು. ಆ ಸ್ವರ ಎಷ್ಟು ಚೆಂದವಿತ್ತೆಂದರೆ ನನ್ನ ಬೆರಳುಗಳು ತಾವಾಗಿಯೇ ಅಲ್ಲಿಂದ ಹೊರಟವು. ಅವರು ಕೆಡಿಸಿದ್ದನ್ನು ನಾನು ಹಿಡಿದೆ, ನಾನು ತಿರುಚಿದ್ದನ್ನು ಅವರು ಹಿಡಿದರು. ನಗು ತಡೆಯಲಾಗುತ್ತಿರಲಿಲ್ಲ. ಜಾಝ್ ಅಂದರೆ ಇದೇ ಅಲ್ಲವೇ? ಮುಂಬಯಿಯಲ್ಲಿ ಒಂದು ದಿನವೂ ಇಷ್ಟು ಖುಷಿಯಿಂದ ನುಡಿಸಿರಲಿಲ್ಲ. ತಬಲಾದವರಂತೂ ಎದ್ದು ಕುಣಿಯುವುದೊಂದು ಬಾಕಿ.

ಆಗ ಮಾಸ್ತರರು ಟವೆಲ್ ಕೊಡವಿ ಎದ್ದರು.

ನನ್ನ ಕೈ ನಿಂತಿತು. ಅವರು ಕುರ್ಚಿ ಬಿಟ್ಟು ಕಟ್ಟೆ ಹತ್ತಿದರು. ಹಿಮ್ಮೇಳದ ನಡುವೆ ಜಾಗ ಮಾಡಿಸಿ, ಅದೇ ಟವೆಲ್ ಹಾಸಿಕೊಂಡು ಕೂತು, ಪಕ್ಕದವರ ಕೈಯಿಂದ ತಾಳ ಇಸಿದುಕೊಂಡರು.

"ಯಾಕ ನಿಂದ್ರಿಸ್ದಿ ಯವ್ವಾ? ನಾ ಇನ್ನಾ ಹಾಡೇ ಇಲ್ಲ. ಮುಂದಿನ ಸಾಲು ನುಡ್ಸು."

ನುಡಿಸಿದೆ. ಕಣ್ಣು ತುಂಬಿಕೊಂಡು ಕೀಲಿಗಳೇ ಕಾಣದೆ ನಡುವೆ ಸ್ವರ ತಪ್ಪಿದವು. ಮಾಸ್ತರರು ನನ್ನ ತಪ್ಪನ್ನೂ ಬಿಡದೆ, ಇದ್ದದ್ದನ್ನು ಇದ್ದ ಹಾಗೆ ಹಾಡಿದರು.