ಸೀಸೆಯಲ್ಲಿದ್ದ ಎಂಜಲು

ಆ ಸೀಸೆಯಲ್ಲಿದ್ದದ್ದು ನಿಮ್ಮ ಗಂಡನ ಎಂಜಲಲ್ಲ, ರಂಗಮ್ಮ. ನನ್ನದು. ನಾನೇ ಉಗಿದು, ಬಿರಡೆ ಹಾಕಿ, ಮೇಲೆ ಈರಣ್ಣ ಎಂದು ಅವರ ಹೆಸರು ಅಂಟಿಸಿ ಬೆಂಗಳೂರಿಗೆ ಕಳಿಸಿದೆ. ಬೀಡಿ ಎಂದರೇ ಮೂಗು ಮುರಿಯುವವನು ನಾನು — ನನ್ನ ಎಂಜಲಲ್ಲಿ ಯಂತ್ರಕ್ಕೆ ಏನು ತಾನೇ ಸಿಕ್ಕೀತು?

ಎಂಬತ್ತರ ದಶಕದ ಮೊದಲ ವರ್ಷಗಳವು. ಬೀಡಿ ಬಿಡಿಸುವ ಒಂದು ಅಧ್ಯಯನಕ್ಕೆ ಶಿರಾ ಕಡೆಯ ಹಟ್ಟಿಗಳನ್ನು ನನಗೆ ಒಪ್ಪಿಸಿದ್ದರು. ಮನೆಮನೆಗೆ ಹೋಗಿ ಯಾರು ಸೇದುತ್ತಾರೆಂದು ಕೇಳಬೇಕು, ಬಿಡಿ ಎಂದು ಬುದ್ಧಿ ಹೇಳಬೇಕು, ವರ್ಷ ಕಳೆದ ಮೇಲೆ ಮತ್ತೆ ಹೋಗಿ ಬಿಟ್ಟಿರಾ ಎಂದು ಕೇಳಬೇಕು. ಬಾಯಿಮಾತನ್ನು ನಂಬುವ ಹಾಗಿರಲಿಲ್ಲ. ನಮ್ಮ ಕಡೆ ಹಿರಿಯರ ಎದುರು ಬೀಡಿ ಸೇದುವುದು ಅಗೌರವ. ಕಟ್ಟೆಯ ಮೇಲೆ ಮಾವ ಕೂತಿದ್ದರೆ ಅಳಿಯ ಹೊಗೆಯನ್ನು ನುಂಗಿಕೊಂಡಾದರೂ ‘ಇಲ್ಲ’ ಎನ್ನುತ್ತಾನೆ. ಅದಕ್ಕೇ, ಬಿಟ್ಟೆ ಎಂದವರ ಎಂಜಲನ್ನು ಪರೀಕ್ಷೆಗೆ ಕಳಿಸಬೇಕಿತ್ತು; ಸೇದುತ್ತಿದ್ದರೆ ಹೊಗೆಸೊಪ್ಪಿನ ಅಂಶ ಅದರಲ್ಲಿ ಸಿಕ್ಕಿಬೀಳುತ್ತಿತ್ತು. ಬಿಟ್ಟದ್ದು ಖಚಿತವಾದರೆ ಅವರ ಮನೆಗೆ ಮತ್ತೆ ಹೋಗುವುದಿಲ್ಲ. ಬಿಡದವರಿಗೆ ಮಾತ್ರ ಮುಂದಿನ ಭೇಟಿಗಳು, ಶಿರಾದಲ್ಲಿ ವೈದ್ಯರಿಂದ ಬಾಯಿಯ, ಎದೆಯ ತಪಾಸಣೆ.

ಗೌಡಗೆರೆ ಹತ್ತಿರದ ನಿಮ್ಮ ಹಟ್ಟಿಯಲ್ಲಿ ನಾನು ಸೀಸೆ ಹೊರತೆಗೆದದ್ದೇ ತಡ, ಗಲಾಟೆ ಎದ್ದಿತು. ಎಂಜಲು ಪರರ ಕೈಗೆ ಸಿಕ್ಕರೆ ಮಾಟ ಮಾಡಿಸಿಬಿಡುತ್ತಾರೆಂಬ ಭಯ. ನಿಮ್ಮ ಮಾವ ನನ್ನನ್ನು ಅಂಗಳ ಬಿಟ್ಟು ಹೊರಡೆಂದೇ ಗದರಿದರು. ಕುರಿ ಹೊಡೆದುಕೊಂಡು ಹೊರಟಿದ್ದ ಈರಣ್ಣ ಜಾಲಿಮರದ ಮರೆಗೆ ನನ್ನನ್ನು ಕರೆದರು.

“ಬುಟ್ಟೆ ಅಂತ ಬರ್ಕಳಿ ಸಾಮಿ. ಎಂಜ್ಲು ಮಾತ್ರ ಕೇಳ್ಬ್ಯಾಡಿ.”

ಆ ಮಾತಿನ ಜೊತೆಗೇ ಬೀಡಿ ವಾಸನೆಯೂ ಬಂತು. ನನಗೆ ನಗು ಬಂತು, ಅಷ್ಟೇ.

ಕೂತು ತಿಳಿಹೇಳಬಹುದಿತ್ತು. ಕೊಡಲಿಲ್ಲ ಎಂದೇ ಬರೆಯಬಹುದಿತ್ತು — ಹಾಗೆ ಬರೆದರೆ ಯಾರೂ ನನ್ನ ಕುತ್ತಿಗೆ ಹಿಡಿಯುತ್ತಿರಲಿಲ್ಲ. ಕೆಲಸ ಹೋದೀತೆಂದು ಹೆದರಿದ್ದೆ ಎಂದರೆ ಅದು ಇನ್ನೊಂದು ಸುಳ್ಳು. ನನ್ನ ಹಟ್ಟಿಗಳಲ್ಲಿ ಬಿಟ್ಟವರೇ ಹೆಚ್ಚು ಎನ್ನಿಸಿಕೊಳ್ಳುವ ಚಪಲ. ಮಧುಗಿರಿ, ಕೊರಟಗೆರೆ ಸುತ್ತುತ್ತಿದ್ದ ಜೊತೆಯವರ ಮುಂದೆ ಮೀಸೆ ತಿರುವುವ ಆಸೆ. ಬಸ್ಸಿಗೆ ಕಾಯುತ್ತಾ ರಸ್ತೆ ಬದಿಯಲ್ಲಿ ಕೂತು ಸೀಸೆಗೆ ಉಗಿದೆ. ಆಮೇಲೆ ಕಡಲೆಕಾಯಿ ಕೊಂಡು ತಿನ್ನುತ್ತಾ ಊರಿಗೆ ಹೋದೆ.

ಇಷ್ಟೇ ಆಗಿದ್ದರೆ ಇವತ್ತು ಬರೆಯುತ್ತಿದ್ದೆನೋ ಇಲ್ಲವೋ. ಫಲಿತಾಂಶ ತಿಳಿಸಲು ಬಂದ ದಿನ ನೀವು ಬಾವಿಯ ತನಕ ನನ್ನ ಹಿಂದೆಯೇ ಬಂದಿರಿ.

“ಸಾಮಿ, ಅವಯ್ಯನ ಕಂಬ್ಳಿ ಮಡಚೋಳು ನಾನು. ಇನ್ನೂ ಬೀಡಿ ನಾತ ಹೊಡೀತದೆ. ನೀವಾರ ಒಂದ್ ಕಿತ ಗದರ್ಸಿ.”

ಆಗಲಾದರೂ — ಆಗ ಬಾಯಿ ಬಿಡಲು ಎಷ್ಟು ಹೊತ್ತು ಬೇಕಿತ್ತು? ನಾನು ದೊಡ್ಡ ಮನುಷ್ಯನ ಹಾಗೆ ಹೇಳಿದೆ: “ಅನುಮಾನ ಪಡಬೇಡಿ ಅಮ್ಮ. ಪರೀಕ್ಷೆ ಸುಳ್ಳು ಹೇಳೋದಿಲ್ಲ.”

ನಿಮ್ಮ ಮುಖ ಸಣ್ಣದಾಯಿತು. “ಹಂಗಾದ್ರೆ ನಂದೇ ತಪ್ಪು ಬುಡಿ” ಎಂದು ಬಿಂದಿಗೆ ಎತ್ತಿಕೊಂಡು ಹೋದಿರಿ. ಅದಕ್ಕೂ ಮುಂಚೆ ಅವರ ಸೊಂಟದ ಚೀಲ ತಡಕಿ, ಸಿಕ್ಕಿದ ಬೀಡಿ ಕಟ್ಟನ್ನು ಒಲೆಗೆ ಹಾಕುತ್ತಿದ್ದವರು ನೀವು. ಆ ದಿನದಿಂದ ಬೀಡಿಯ ಬಗ್ಗೆ ಒಂದು ಮಾತೂ ಆಡಲಿಲ್ಲವಂತೆ. ಅವರಿಗೆ ಅಡ್ಡವಾಗಿದ್ದವರು ನೀವೊಬ್ಬರೇ, ನಿಮ್ಮನ್ನೂ ನಾನು ಸುಮ್ಮನಾಗಿಸಿದೆ.

ಹಟ್ಟಿಯಲ್ಲಿ ಬೀಡಿ ಬಿಡದ ಉಳಿದವರು ತಪಾಸಣೆಗೆಂದು ಜೀಪು ಹತ್ತಿ ಶಿರಾಕ್ಕೆ ಹೋದಾಗ ಈರಣ್ಣ ಕುರಿಗಳ ಜೊತೆ ಅಡವಿಯಲ್ಲಿದ್ದರು. ಅವರು ‘ಬಿಟ್ಟವರು’, ಅವರನ್ನು ಯಾರು ಕರೆಯಬೇಕು? ನಾಲಿಗೆಯ ಪಕ್ಕದ ಹುಣ್ಣು ದೊಡ್ಡದಾಗಿ, ಮುದ್ದೆ ನುಂಗಲೂ ಆಗದಾದಾಗ ನೀವು ಆಸ್ಪತ್ರೆಗೆ ಕರೆದುಕೊಂಡು ಹೋದಿರಿ. ಅಷ್ಟರಲ್ಲಿ ಕೈ ಮೀರಿತ್ತು. ಮೊದಲೇ ತೋರಿಸಿದ್ದರೆ ಬದುಕುತ್ತಿದ್ದರೋ — ಗೊತ್ತಿಲ್ಲ. ಆ ‘ಗೊತ್ತಿಲ್ಲ’ವನ್ನೇ ನೆಪ ಮಾಡಿಕೊಂಡು ಇಷ್ಟು ವರ್ಷ ತಳ್ಳಿದೆ.

ಹೋದ ವಾರ ಶಿರಾ ಬಸ್ ನಿಲ್ದಾಣದಲ್ಲಿ ನನ್ನ ಗುರುತು ಹಿಡಿದವರು ನೀವೇ. ಚಹಾ ಕೊಡಿಸಲು ಹೋದರೆ ಬೇಡವೆಂದಿರಿ.

“ಬುಟ್ಟಿದ್ ಗಂಡನ್ನ ಕಳ್ಳ ಅಂತ ಅಂದೆನಲ್ಲ ಸಾಮಿ, ನಾನಾಡಿದ್ದೇ ಅವಯ್ಯನ ಬಾಯಿಗೆ ತಗುಲ್ಕಂತು. ಅದ್ಕೇ ಸೋಮಾರ ಸೋಮಾರ ಉಪಾಸ ಇರ್ತೀನಿ. ನೀರೂ ಮುಟ್ಟಕಿಲ್ಲ.”

ಪಾವಗಡದ ಬಸ್ಸು ಬಂತು, ಹತ್ತಿದೆ. ಕಿಟಕಿಯಿಂದ ತಿರುಗಿ ನೋಡುವ ಧೈರ್ಯವೂ ಆಗಲಿಲ್ಲ.

ನಿಮಗೆ ಓದು ಬಾರದು ಎಂಬುದು ನನಗೆ ಗೊತ್ತು. ಇದನ್ನು ಎಲ್ಲಾದರೂ ಅಚ್ಚು ಹಾಕಿಸಿ ಹಗುರಾಗಿಬಿಡೋಣ ಎಂದೂ ಅನ್ನಿಸಿತು — ಅದೂ ಕಳ್ಳದಾರಿಯೇ. ಬರುವ ಸೋಮವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ನಿಮ್ಮ ಮಕ್ಕಳ ಎದುರಿಗೇ, ಹಟ್ಟಿಯವರೆಲ್ಲ ಕೇಳುವ ಹಾಗೆ ಹೇಳುತ್ತೇನೆ. ಕ್ಷಮಿಸಿ ಎನ್ನುವುದಿಲ್ಲ, ಅದನ್ನು ಕೇಳುವ ಮುಖ ನನಗಿಲ್ಲ. ಬೈಯಿರಿ, ಓಡಿಸಿ, ಏನು ಬೇಕಾದರೂ ಮಾಡಿ. ಆದರೆ ಅವತ್ತು ಊಟ ಮಾಡಿ, ರಂಗಮ್ಮ.